ಬಿದ್ದವನೇ ಲಕ್ಕಿ

ಬೈಕಿನಿಂದ ಬಿದ್ದು ಕೈ ಮುರಿದುಕೊಂಡವರನ್ನು ನೋಡಲು ಹೋಗುತ್ತೇವೆ. ಪಟ್ಟಿ ಕಟ್ಟಿದ ಕೈಯನ್ನು ಒಂದು ಸಲ ದಿಟ್ಟಿಸಿ, "ನೀವು ಲಕ್ಕಿ ಬಿಡಿ, ತಲೆಗೇನೂ ಆಗಿಲ್ವಲ್ಲ" ಅನ್ನುತ್ತೇವೆ. ಪಾಪ, ಅವರೂ ನೋವು ನುಂಗಿಕೊಂಡು ಹೌದು ಹೌದು ಅಂತ ತಲೆಯಾಡಿಸುತ್ತಾರೆ. ಅವತ್ತೇ ಅದೇ ರಸ್ತೆಯಲ್ಲಿ ಬೀಳದೆ ಮನೆ ಸೇರಿದವರನ್ನು ಯಾರೂ ಲಕ್ಕಿ ಅನ್ನುವುದಿಲ್ಲ. ಆ ಬಿರುದು ಬೇಕಿದ್ದರೆ ಮೊದಲು ಬೀಳಬೇಕು!

ಬ್ರಿಟಿಷರಂತೂ ಈ ಪದವನ್ನು ಕುಟುಕಲಿಕ್ಕೂ ಬಳಸುತ್ತಾರೆ. ಸಂಬಳ ಜಾಸ್ತಿ ಕೇಳ್ತೀನಿ ಅಂದವನಿಗೆ "ಯೂ ವಿಲ್ ಬಿ ಲಕ್ಕಿ" ಅಂದರೆ, ಆ ಆಸೆ ಬಿಟ್ಟುಬಿಡು ಅಂತ.

ಪದ ಅವರ ಸ್ವಂತದ್ದೂ ಅಲ್ಲ. 15ನೇ ಶತಮಾನದ ಕೊನೆಯ ಹೊತ್ತಿಗೆ 'ಲಕ್' ಇಂಗ್ಲಿಷಿಗೆ ಬಂತು. ಡಚ್ಚರ ಕಡೆಯಿಂದ, ಬಹುಶಃ ಜೂಜುಕೋರರ ಬಾಯಿ ಹಿಡಿದು ಬಂದಿರಬೇಕು ಅನ್ನುತ್ತಾರೆ ಪದಗಳ ಜಾಡು ಹುಡುಕುವವರು. ದಾಳ ಉರುಳಿಸುವವನಿಗೆ ಇಂಥದ್ದೊಂದು ಪದ ಬೇಕೇ ಬೇಕು, ಅಲ್ವಾ? ಇದರ ದಾಯಾದಿ ಜರ್ಮನ್ನಿನ 'ಗ್ಲ್ಯೂಕ್'. ಅಲ್ಲಿ ಅದೃಷ್ಟಕ್ಕೂ ಸಂತೋಷಕ್ಕೂ ಅದೊಂದೇ ಪದ. ಇಂಗ್ಲಿಷಿನ 'ಹ್ಯಾಪಿ' ಕೂಡ ಶುರುವಿನಲ್ಲಿ ಖುಷಿಯ ಪದವಲ್ಲ. 'ಹ್ಯಾಪ್' ಅಂದರೆ ಆಕಸ್ಮಿಕವಾಗಿ ಒದಗಿದ್ದು. ಅದು ಒಳ್ಳೆಯದಾಗಿ ಒದಗಿದವನು ಹ್ಯಾಪಿ. ಅವನು ನಗುತ್ತಿದ್ದನೋ ಇಲ್ಲವೋ, ಆ ವಿಚಾರ ಆಮೇಲೆ ಸೇರಿಕೊಂಡಿದ್ದು.

ಇವೆಲ್ಲಕ್ಕಿಂತ ನನಗೆ ಮಜಾ ಅನ್ನಿಸುವುದು 'ಸಿಲ್ಲಿ'. ಹಳೆಯ ಇಂಗ್ಲಿಷಿನಲ್ಲಿ ಅದರ ಮೂಲರೂಪಕ್ಕೆ ಭಾಗ್ಯವಂತ ಅಂತ ಅರ್ಥವಿತ್ತು. ಬರುಬರುತ್ತಾ ಭಾಗ್ಯವಂತ ಮುಗ್ಧನಾದ. ಮುಗ್ಧ 'ಅಯ್ಯೋ ಪಾಪ' ಅನ್ನಿಸಿಕೊಂಡ. ಕೊನೆಗೆ ಪೆದ್ದನೇ ಆಗಿಹೋದ. ಪಂಡಿತರು ಇದನ್ನು ಅರ್ಥದ ಇಳಿಮುಖ ಅನ್ನಬಹುದು. ನನಗಂತೂ ಪಕ್ಕದ ಮನೆಯವರ ಹೊಟ್ಟೆಕಿಚ್ಚೇ ಕಾಣುತ್ತದೆ. ಭಾಗ್ಯ ಕಿತ್ತುಕೊಳ್ಳಲಿಕ್ಕಾಗದಿದ್ದರೆ ಬುದ್ಧಿಯನ್ನಾದರೂ ಕಿತ್ತುಕೊಳ್ಳೋಣ ಅಂತ.

'ಫಾರ್ಚುನೇಟ್'ಗೆ ಈ ಗತಿ ಬರಲಿಲ್ಲ. ಅದು ರೋಮನ್ನರ ಭಾಗ್ಯದೇವತೆ ಫಾರ್ಚೂನಾಳ ನಂಟಿರುವ ಪದ, ಸ್ವಲ್ಪ ಗತ್ತು ಜಾಸ್ತಿ. ಪ್ರಶಸ್ತಿ ಗೆದ್ದವರು ಮೈಕಿನ ಮುಂದೆ ನಿಂತು, ಎದೆಯ ಮೇಲೆ ಕೈಯಿಟ್ಟು "ಐ ಆಮ್ ಫಾರ್ಚುನೇಟ್" ಅನ್ನುತ್ತಾರೆ. ಹಿಂದಿನ ಸಾಲಿನಲ್ಲಿ ಸೋತವನೂ ಚಪ್ಪಾಳೆ ತಟ್ಟುತ್ತಾನೆ. ಪಕ್ಕದವನ ಕಿವಿಯ ಹತ್ತಿರ ಬಗ್ಗಿ ಅವನು ಹೇಳುವುದು ಮಾತ್ರ "ಲಕ್ಕಿ ಫೆಲೋ".