ರೀ, ಹಂಪ್ಸು!

ಮೊನ್ನೆ ರಾತ್ರಿ ನಿದ್ದೆ ಬಾರದೆ ಹಳೆಯದೊಂದು ಕಾರ್ ರೇಸಿನ ಕಾಮಿಡಿ ಸಿನಿಮಾ ನೋಡಿದೆ. 1981ರ ‘ದಿ ಕ್ಯಾನನ್‌ಬಾಲ್ ರನ್’. ಅಮೆರಿಕದ ಈ ತುದಿಯಿಂದ ಆ ತುದಿಗೆ ಕಾರು ಓಡಿಸುವ ಹುಚ್ಚರ ಕಥೆ. ಪೊಲೀಸರ ಕಣ್ಣು ತಪ್ಪಿಸೋಕೆ ಒಂದು ಜೋಡಿ ಪಾದ್ರಿ ವೇಷ ಹಾಕಿದರೆ, ಇನ್ನೊಂದು ಜೋಡಿ ಆಂಬುಲೆನ್ಸಿನಲ್ಲಿ ಸುಳ್ಳು ಪೇಶೆಂಟನ್ನು ಮಲಗಿಸಿಕೊಂಡು ಹೊರಡುತ್ತದೆ.

ಬರೀ ಕಟ್ಟುಕಥೆಯಲ್ಲ ಇದು. ಚಿತ್ರಕಥೆ ಬರೆದ ಬ್ರಾಕ್ ಯೇಟ್ಸ್ ಅನ್ನೋ ಪುಣ್ಯಾತ್ಮ ಇಂಥ ರೇಸನ್ನು ನಿಜವಾಗಿಯೂ ಶುರುಮಾಡಿದ್ದ. 1971ರ ನವೆಂಬರಿನಲ್ಲಿ ಅವನೂ ರೇಸ್ ಚಾಲಕ ಡ್ಯಾನ್ ಗರ್ನಿಯೂ ಫೆರಾರಿ ಹತ್ತಿ ನ್ಯೂಯಾರ್ಕಿನಿಂದ ಕ್ಯಾಲಿಫೋರ್ನಿಯಾಕ್ಕೆ 35 ಗಂಟೆ 54 ನಿಮಿಷದಲ್ಲಿ ಮುಟ್ಟಿದರು. ಸುಮಾರು 4,600 ಕಿ.ಮೀ.

ಮುಟ್ಟದೆ ಏನು? ದಾರಿಯಲ್ಲಿ ಹಂಪ್ಸ್ ಇರಲಿಲ್ಲವಲ್ಲ. ಬರಲಿ ನಮ್ಮ ದಾವಣಗೆರೆಗೆ. ಗಾಂಧಿ ವೃತ್ತದಲ್ಲಿ ಬಾವುಟ ಬೀಸೋಣ, ಗಾಜಿನ ಮನೆ ಹತ್ತಿರ ಮುಗಿಸೋಣ. ಮೊದಲನೇ ಹಂಪ್ಸಿಗೇ ಫೆರಾರಿ ಹೊಟ್ಟೆ ಊರಿ ಕೂತುಬಿಡುತ್ತದೆ. ಮುಂದಿನ ಚಕ್ರ ಆ ಕಡೆ, ಹಿಂದಿನದು ಈ ಕಡೆ. ಮಂಡಿಪೇಟೆಯ ತಕ್ಕಡಿ ನೋಡಿದ ಹಾಗೆ.

ಇದಕ್ಕೂ ಒಂದು ಅಳತೆ ಇದೆ. ರಸ್ತೆಗಳ ಅಳತೆ-ಮಾನದಂಡ ಗೊತ್ತುಮಾಡುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ (ಇದಕ್ಕೆ ಹೈಕಮಾಂಡ್ ಇಲ್ಲ) ಪ್ರಕಾರ ಹಂಪ್ಸ್ 3.7 ಮೀಟರ್ ಅಗಲ, 10 ಸೆಂ.ಮೀ. ಎತ್ತರ ಇರಬೇಕು. ಗಂಟೆಗೆ 25 ಕಿ.ಮೀ. ವೇಗದಲ್ಲಿ ಆರಾಮಾಗಿ ದಾಟಬೇಕು. ನಮ್ಮ ಬೀದಿಗಳಲ್ಲಿ ಟೇಪಿನ ರಗಳೆಯೇ ಇಲ್ಲ. ಮಿಕ್ಕ ಟಾರು ಎಷ್ಟೋ ಹಂಪ್ಸ್ ಅಷ್ಟು. ಬಿಳಿ ಪಟ್ಟೆ? ಬಳಿದರೆ ಕಾಣಿಸಿಬಿಡುತ್ತಲ್ಲ! ಸ್ಕೂಟರಿನ ಹಿಂದೆ ಕೂತ ನಮ್ಮ ಮನೆಯವಳು “ರೀ, ಹಂಪ್ಸು!” ಅನ್ನೋದು ಯಾವಾಗಲೂ ಅದನ್ನು ಹಾರಿದ ಮೇಲೆ.

ಮಂತ್ರಿಗಳು ಬರುತ್ತಾರೆ ಅಂದರೆ ಮಾತ್ರ ಅವು ರಾತ್ರೋರಾತ್ರಿ ಮಾಯ. ಅವರ ಸೊಂಟ ಸರ್ಕಾರದ ಆಸ್ತಿ, ನಮ್ಮದು ಪಿತ್ರಾರ್ಜಿತ. ಅವರು ಹೋದ ವಾರದೊಳಗೆ ಹಂಪ್ಸ್ ಮತ್ತೆ ಎದ್ದು ಕೂತಿರುತ್ತದೆ, ಎರಡು ಇಂಚು ಜಾಸ್ತಿ ಬೆಳೆದು.

ಸಿನಿಮಾದ ಆ ಆಂಬುಲೆನ್ಸ್ ಉಪಾಯವೂ ಯೇಟ್ಸನ ಸ್ವಂತದ್ದೇ. ಆ ಸಿನಿಮಾದ ನಿರ್ದೇಶಕ ಹಾಲ್ ನೀಡಮ್ ಜೊತೆ 1979ರ ರೇಸಿಗೆ ಆಂಬುಲೆನ್ಸನ್ನೇ ಇಳಿಸಿದ್ದ. ನಮ್ಮ ಪಿ.ಬಿ. ರಸ್ತೆಯಲ್ಲಿ ಸುಳ್ಳು ಪೇಶೆಂಟಿನ ಖರ್ಚೂ ಇಲ್ಲ. ನಿಜವಾದ ಆಂಬುಲೆನ್ಸ್ ಸೈರನ್ ಹಾಕಿದ್ದೇ ತಡ, ಅದರ ಬಾಲ ಹಿಡಿದು ಐದು ಬೈಕು, ಎರಡು ಆಟೋ. ಪಾಪ, ಹೊಟ್ಟೆನೋವು ಅಂತ ಹತ್ತಿದ ಪೇಶೆಂಟು ಸೊಂಟ ಹಿಡಿದುಕೊಂಡು ಇಳಿಯುತ್ತಾನೆ.

ಸಾಕಾಗಿ, ನಮ್ಮ ಬೀದಿಯ ಹಂಪ್ಸ್ ತೆಗೆಸಿ ಅಂತ ನಾಲ್ಕು ಜನ ಸೇರಿ ‘ಸಂಬಂಧಪಟ್ಟವರ’ ಹತ್ತಿರ ಹೋದೆವು. ಕೂರಿಸಿ ಟೀ ಕೊಟ್ಟರು.

“ತೆಗೆಸೋಣ ಸಾರ್. ಆದರೆ ಹುಡುಗರು ಬೈಕ್ ರೇಸ್ ಮಾಡ್ತಾರೆ, ಹಾಕಿಸಿ ಅಂತ ಅರ್ಜಿ ಕೊಟ್ಟಿದ್ದೂ ನೀವೇ ಅಲ್ವಾ?”

ಫೈಲು ತೆರೆದು ತೋರಿಸಿದರು. ಮೊದಲನೇ ಸಹಿ ನನ್ನದೇ.