ಎರಿಟ್ರಿಯಾ ಪಟ್ಟಿಯ ಕೊನೆಗೆ ಸೇರಬೇಕಾದ ದೇಶವಲ್ಲ

ಜಗತ್ತಿನ ಅತಿ ಕ್ರೂರ ಸರ್ವಾಧಿಕಾರಿಗಳ ನಿಮ್ಮ ಪಟ್ಟಿಯಲ್ಲಿ ಉತ್ತರ ಕೊರಿಯಾದ ಕಿಮ್ ಜಾಂಗ್ ಉನ್‌ಗೆ ಮೊದಲ ಸ್ಥಾನ ಕೊಟ್ಟಿದ್ದಕ್ಕೆ ನನ್ನ ತಕರಾರಿಲ್ಲ. ಆದರೆ ಪೂರ್ವ ಆಫ್ರಿಕಾದ ಎರಿಟ್ರಿಯಾದ ಅಧ್ಯಕ್ಷ ಇಸಾಯಾಸ್ ಅಫ್ವೆರ್ಕಿಯನ್ನು ಕೊನೆಗೆ ತಳ್ಳಿ, ‘ಚಿಕ್ಕ ದೇಶ, ಪರಿಣಾಮ ಕಡಿಮೆ’ ಅಂತ ಬರೆದಿದ್ದೀರಲ್ಲ, ಅದು ಖಂಡಿತ ತಪ್ಪು. ದಬ್ಬಾಳಿಕೆಯನ್ನು ಅಳೆಯಬೇಕಾದದ್ದು ಅಲ್ಲಿ ಬದುಕುವವರ ಪಾಡು ನೋಡಿ, ದೇಶದ ಗಾತ್ರ ನೋಡಿ ಅಲ್ಲ, ಅಲ್ವಾ?

1993ರಲ್ಲಿ ಸ್ವಾತಂತ್ರ್ಯ ಬಂದ ಮೇಲೆ ಅಲ್ಲಿ ಒಂದು ಸಲವೂ ಅಧ್ಯಕ್ಷರ ಚುನಾವಣೆ ನಡೆದಿಲ್ಲ. 1997ರ ಸಂವಿಧಾನ ಸುಮ್ನೆ ಕಾಗದದಲ್ಲೇ ಉಳಿದಿದೆ. 2001ರ ಸೆಪ್ಟೆಂಬರ್‌ನಲ್ಲಿ, ಇಸಾಯಾಸ್ ಸುಧಾರಣೆ ಬೇಕು ಅಂದ ತನ್ನದೇ ಪಕ್ಷದ 11 ಮುಖಂಡರನ್ನು ಹಿಡಿದು ಒಳಗೆ ಹಾಕಿಸಿ, ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿಸಿದ. ಆಗ ಬಂಧನಕ್ಕೊಳಗಾದ ಪತ್ರಕರ್ತ ದಾವಿತ್ ಇಸಾಕ್‌ಗೆ ವಿಚಾರಣೆಯೇ ನಡೆಯಲಿಲ್ಲ.

ನೀವು ಪೂರ್ತಿ ಬಿಟ್ಟಿರುವುದು, ಯುವಜನರು ಸೇನೆಯಲ್ಲೋ ಸರ್ಕಾರಿ ಕೆಲಸದಲ್ಲೋ ಮಾಡಲೇಬೇಕಾದ ಕಡ್ಡಾಯ ಸೇವೆಯ ವಿಷಯ. ಕಾನೂನಿನ ಪ್ರಕಾರ ಅದು 18 ತಿಂಗಳು, ಆದರೆ 1998ರಲ್ಲಿ ಇಥಿಯೋಪಿಯಾ ಜೊತೆ ಗಡಿ ಯುದ್ಧ ಶುರುವಾದ ಮೇಲೆ ಅದಕ್ಕೆ ಕೊನೆಯೇ ಇಲ್ಲದಂತಾಗಿದೆ. ಹನ್ನೆರಡನೇ ತರಗತಿಯ ಹುಡುಗ ಹುಡುಗಿಯರು ಊರು ಬಿಟ್ಟು ಸಾವಾ ಎಂಬ ಸೇನಾ ಶಿಬಿರಕ್ಕೆ ಹೋಗಬೇಕು, ಆಮೇಲೆ ಹತ್ತು ಹದಿನೈದು ವರ್ಷ ಪುಡಿಗಾಸಿಗೆ ರಸ್ತೆ, ಹೊಲ, ಗಣಿಯಲ್ಲಿ ದುಡಿದವರಿದ್ದಾರೆ. ತಪ್ಪಿಸಿಕೊಳ್ಳಲು ಹೋಗಿ ಸಿಕ್ಕಿಬಿದ್ದವರನ್ನು ಹಡಗಿನ ಸರಕು ತುಂಬುವ ಕಬ್ಬಿಣದ ಕಂಟೇನರ್‌ಗಳಲ್ಲಿ ಕೂಡಿಹಾಕಿದ್ದಾರೆ, ಹಗಲು ಸುಡುವ ಕಾವು, ರಾತ್ರಿ ಕೊರೆಯುವ ಚಳಿ. 2016ರಲ್ಲಿ ವಿಶ್ವಸಂಸ್ಥೆಯ ತನಿಖಾ ಆಯೋಗ ಇದನ್ನು ಗುಲಾಮಗಿರಿ ಎಂದೇ ಕರೆಯಿತು.

2013ರ ಅಕ್ಟೋಬರ್‌ನಲ್ಲಿ ಇಟಲಿಯ ಲ್ಯಾಂಪೆಡೂಸಾ ದ್ವೀಪದ ಬಳಿ ವಲಸಿಗರ ದೋಣಿ ಮುಳುಗಿ 360ಕ್ಕೂ ಜಾಸ್ತಿ ಜನ ಸತ್ತರು, ಬಹುಪಾಲು ಎರಿಟ್ರಿಯಾದವರೇ. ಇದಾ ಕಡಿಮೆ ಪರಿಣಾಮ?