ಹನ್ನೆರಡನೇ ಬ್ಯಾರಕ್ ಸಿದ್ಧವಿದೆ, ದಯಮಾಡಿಸಿ

ನಮ್ಮ ದೇಶದ ಜೈಲಿನಲ್ಲಿ ಗಾಳಿ, ಬೆಳಕು ಚೆನ್ನಾಗಿರುವ ಕೋಣೆ ಸಿಗಬೇಕೆಂದರೆ ಮೊದಲು ದೇಶ ಬಿಟ್ಟು ಓಡಬೇಕು. ಇಲ್ಲೇ ಇದ್ದು ಸಿಕ್ಕಿಬಿದ್ದವನನ್ನು ಕೇಳುವವರಿಲ್ಲ. 2022ರ ಕೊನೆಯ ಸರ್ಕಾರಿ ಲೆಕ್ಕದಂತೆ ನೂರು ಕೈದಿಗಳ ಜಾಗದಲ್ಲಿ 131 ಮಂದಿ ಇದ್ದರು. ನಾಲ್ವರಲ್ಲಿ ಮೂವರ ಅಪರಾಧ ಇನ್ನೂ ಸಾಬೀತಾಗಿರಲಿಲ್ಲ. ಅವರ ಕಿಟಕಿಯಿಂದ ಬಿಸಿಲು ಎಷ್ಟು ಬೀಳುತ್ತದೆ ಎಂದು ಯಾರೂ ಕ್ಯಾಮೆರಾ ಹಿಡಿದುಕೊಂಡು ಹೋದದ್ದಿಲ್ಲ.

ಮುಂಬೈನ ಆರ್ಥರ್ ರಸ್ತೆ ಜೈಲಿನ 12ನೇ ಬ್ಯಾರಕ್ಕಿನ ಹಣೆಬರಹವೇ ಬೇರೆ. 2016ರ ಮಾರ್ಚ್‌ನಲ್ಲಿ ವಿಜಯ್ ಮಲ್ಯ ವಿಮಾನ ಹತ್ತಿದರು. ಅವರನ್ನು ಕಳಿಸಿಕೊಡಿ ಎಂದು ಬೇಡಿದ ನಮಗೆ ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ನ್ಯಾಯಾಲಯ, ಅವರನ್ನು ಇಡುವ ಕೋಣೆಯನ್ನು ಹಂತ ಹಂತವಾಗಿ ವಿಡಿಯೊ ಮಾಡಿ ತೋರಿಸಿ ಎಂದಿತು. ಮಾಡಿದೆವು. ಸಹಜ ಬೆಳಕು ಸಾಲದು ಎಂಬುದು ಮಲ್ಯ ಪರ ವಕೀಲರ ತಕರಾರು. ಬಾಡಿಗೆಗೆ ಮನೆ ನೋಡಲು ಬಂದವರು ಕೂಡ ಇಷ್ಟು ಚೌಕಾಸಿ ಮಾಡುವುದಿಲ್ಲ.

ಕೇಳಿದ ನ್ಯಾಯಾಧೀಶರ ಮೇಲೆ ನನಗೆ ಸಿಟ್ಟಿಲ್ಲ. ಕೈದಿಯನ್ನು ಮನುಷ್ಯನಂತೆ ಇಟ್ಟುಕೊಳ್ಳುತ್ತೀರಾ ಎಂದು ಅವರು ಕೇಳಿದರು. ಹೌದು ಸ್ವಾಮಿ, ಇವರೊಬ್ಬರನ್ನು ಖಂಡಿತ ಇಟ್ಟುಕೊಳ್ಳುತ್ತೇವೆ ಎಂದೆವು.

2018ರ ಡಿಸೆಂಬರ್‌ನಲ್ಲಿ ಗಡೀಪಾರಿಗೆ ಆದೇಶವಾಯಿತು. 2019ರ ಫೆಬ್ರುವರಿಯಲ್ಲಿ ಅಲ್ಲಿನ ಗೃಹ ಸಚಿವರು ರುಜು ಹಾಕಿದರು. 2020ರ ಏಪ್ರಿಲ್‌ನಲ್ಲಿ ಹೈಕೋರ್ಟ್ ಮೇಲ್ಮನವಿ ತಳ್ಳಿಹಾಕಿತು. ಅಲ್ಲಿನ ಸುಪ್ರೀಂ ಕೋರ್ಟಿನ ಬಾಗಿಲು ಮೇ ತಿಂಗಳಲ್ಲಿ ಮುಚ್ಚಿತು. ಎಲ್ಲ ಶಾಸ್ತ್ರ ಮುಗಿದರೂ ಹೊರಡುವ ಮುಹೂರ್ತ ಮಾತ್ರ ಕೂಡಿಬರಲಿಲ್ಲ. ಗೋಪ್ಯವಾದ ಕಾನೂನು ವಿಷಯವೊಂದು ಬಾಕಿಯಿದೆ ಎಂದಿತು ಬ್ರಿಟನ್. ಗುಟ್ಟು ಎಂದ ಮೇಲೆ ಮತ್ತೆ ಮತ್ತೆ ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ, ಅಲ್ಲವೇ?

ವಜ್ರದ ವ್ಯಾಪಾರಿ ನೀರವ್ ಮೋದಿಯವರದು ಇನ್ನೂ ಸೊಗಸು. ನಮ್ಮ ಪಂಜಾಬ್ ನ್ಯಾಷನಲ್ ಬ್ಯಾಂಕಿನ ಮುಂಬೈ ಶಾಖೆಯಿಂದ ಇವರ ಸಾಲಕ್ಕೆ ನಾವು ಹೊಣೆ ಎಂಬ ಖಾತರಿಪತ್ರಗಳು ವರ್ಷಗಟ್ಟಲೆ ಹೊರಬಿದ್ದವು. ಸೋದರಮಾವ ಮೇಹುಲ್ ಚೋಕ್ಸಿಯವರ ಪಾಲೂ ಸೇರಿ ಮೊತ್ತ 13,000 ಕೋಟಿ ರೂಪಾಯಿ ದಾಟಿತು. ಮೇಲಿನವರ ಕಣ್ಣಿಗೆ ಏನೂ ಬೀಳಲಿಲ್ಲ. 2019ರ ಮಾರ್ಚ್‌ನಲ್ಲಿ ನೀರವ್ ಲಂಡನ್ನಿನ ಬ್ಯಾಂಕೊಂದಕ್ಕೆ ಖಾತೆ ತೆರೆಯಲು ಹೋದರು. ಕೌಂಟರಿನಲ್ಲಿದ್ದ ಗುಮಾಸ್ತರು ಮುಖ ನೋಡಿ ಗುರುತು ಹಿಡಿದು ಪೊಲೀಸರಿಗೆ ಫೋನ್ ಮಾಡಿದರು. ಬ್ಯಾಂಕಿನವರು ಗಿರಾಕಿಯ ಮುಖವನ್ನೂ ನೋಡಬಹುದು ಎಂಬುದು ನಮ್ಮವರಿಗೆ ಹೊಳೆದೇ ಇರಲಿಲ್ಲ.

ಚೋಕ್ಸಿಯವರು ದೂರದೃಷ್ಟಿಯವರು, ಹಗರಣ ಹೊರಬೀಳುವ ಮೊದಲೇ, 2017ರಲ್ಲಿ, ಆಂಟಿಗುವಾದ ಪೌರತ್ವ ಪಡೆದಿದ್ದರು. 2025ರಲ್ಲಿ ಬೆಲ್ಜಿಯಂನಲ್ಲಿ ಸಿಕ್ಕಿಬಿದ್ದಾಗ ನಮ್ಮ ಸರ್ಕಾರ ಅಲ್ಲಿಗೆ ಭರವಸೆ ಪತ್ರ ಬರೆಯಿತು. ಮತ್ತೆ ಅದೇ 12ನೇ ಬ್ಯಾರಕ್. ತಲೆಗೆ ಕನಿಷ್ಠ ಮೂರು ಚದರ ಮೀಟರ್ ಜಾಗ, ದಪ್ಪನೆಯ ಹತ್ತಿಯ ಹಾಸು, ದಿಂಬು, ಹೊದಿಕೆ, ಫ್ಯಾನು, ದಿನಕ್ಕೊಂದು ಗಂಟೆ ಹೊರಗೆ ಓಡಾಟ, ಯೋಗ, ಬ್ಯಾಡ್ಮಿಂಟನ್. ಮೂರು ಚದರ ಮೀಟರಿನಲ್ಲಿ ಷಟಲ್ ಎಲ್ಲಿಗೆ ಹಾರುತ್ತದೆ ಎಂದು ಬೆಲ್ಜಿಯಂನವರು ಕೇಳಿದರೋ ಇಲ್ಲವೋ.

ಓಡಿಹೋಗಬೇಕೆಂದಿರುವವರಿಗೆ ಒಂದು ಎಚ್ಚರಿಕೆ. ದೇಶಭ್ರಷ್ಟ ಆರ್ಥಿಕ ಅಪರಾಧಿ ಎಂಬ ಬಿರುದಿಗೆ 2018ರ ಕಾಯ್ದೆಯ ಪ್ರಕಾರ ಕನಿಷ್ಠ 100 ಕೋಟಿ ರೂಪಾಯಿಯ ಪ್ರಕರಣ ಬೇಕು. ತೊಂಬತ್ತೊಂಬತ್ತು ಕೋಟಿ ನುಂಗಿ ಹೊರಟವರು ಸಾಮಾನ್ಯ ಕಳ್ಳರ ಸಾಲಿನಲ್ಲಿ ನಿಲ್ಲಬೇಕಾಗುತ್ತದೆ. ಮಲ್ಯರಿಗೆ 2019ರ ಜನವರಿಯಲ್ಲೇ ಬಿರುದು ಸಿಕ್ಕಿತು, ದೇಶದಲ್ಲೇ ಮೊದಲಿಗರಾಗಿ.

ಅಷ್ಟರಲ್ಲಿ ಬ್ಯಾರಕ್ಕಿಗೆ ಇನ್ನೊಂದು ಸಲ ಬಣ್ಣ ಬಳಿಸಿಬಿಡುವುದು ವಾಸಿ. ಮುಂದಿನವರು ಯಾವ ದೇಶಕ್ಕೆ ಓಡುತ್ತಾರೋ, ಅಲ್ಲಿನ ನ್ಯಾಯಾಧೀಶರಿಗೆ ಯಾವ ಬಣ್ಣ ಇಷ್ಟವೋ.